ಕೆಂಪಿ ಅಲುಗದ ದಿನ

ಕೆಂಪಿ ಸತ್ತದ್ದು ಯಾವ ಹೊತ್ತಿನಲ್ಲಿ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಆ ದಿನ ಬೆಳಿಗ್ಗೆ ಏಳಕ್ಕೆ ಕೋಣೆಯ ದೀಪ ಹಾಕಿದಾಗ ಅವಳು ಗಾಜಿನ ಪೆಟ್ಟಿಗೆಯ ತಂಪಾದ ಬದಿಯಲ್ಲಿ, ತೊಗಟೆಯ ಗೂಡಿನಿಂದ ಅರ್ಧ ಮೈ ಹೊರಗೆ ಚಾಚಿ, ನೀರಿನ ಬಟ್ಟಲಿನ ಅಂಚಿಗೆ ಗದ್ದ ಊರಿ ಮಲಗಿದ್ದಳು. ಮಧ್ಯಾಹ್ನ ಉಷ್ಣತೆ ನೋಡಲು ಹೋದಾಗಲೂ ಹಾಗೆಯೇ ಇದ್ದಳು. ಸಂಜೆ ಆರೂವರೆಗೆ ನೀರು ಬದಲಿಸಲೆಂದು ಮುಚ್ಚಳ ಸರಿಸಿದೆ. ಮುಚ್ಚಳ ಸರಿದಾಗಲೆಲ್ಲ ಹೊರಗೆ ಬಂದು ಗಾಳಿಯನ್ನು ತಡಕುತ್ತಿದ್ದ ಆ ಸೀಳು ನಾಲಿಗೆ ಅಂದು ಬರಲಿಲ್ಲ. ಬಟ್ಟಲನ್ನು ಮೆಲ್ಲಗೆ ನನ್ನ ಕಡೆಗೆ ಎಳೆದುಕೊಂಡೆ. ಅವಳ ತಲೆ ಬಟ್ಟಲಿನ ಜೊತೆಗೇ ಸ್ವಲ್ಪ ದೂರ ಬಂದು, ಅಂಚು ತಪ್ಪಿ, ಹಾಸಿನ ಮೇಲೆ ಬಿತ್ತು.

ಹಗ್ಗವನ್ನು ಕಂಡು ಹಾವೆಂದು ಹೆದರಿದವನ ದೃಷ್ಟಾಂತವನ್ನು ನಾವೆಲ್ಲ ಕೇಳಿದ್ದೇವೆ. ನಾನು ಆ ದಿನವಿಡೀ ಅದರ ತಿರುಗುಮುರುಗನ್ನು ಮಾಡಿದ್ದೆ: ಹಗ್ಗದಂತೆ ಬಿದ್ದಿದ್ದುದನ್ನು ಹಾವೆಂದು ನಂಬಿ, ಎರಡು ಸಲ ಹತ್ತಿರ ಹೋಗಿ, ನೆಮ್ಮದಿಯಿಂದ ಹಿಂತಿರುಗಿದ್ದೆ. ಆಮೇಲಿನ ಮೂರು ತಿಂಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸಾವಿಗಿಂತ ಈ ಎರಡು ಭೇಟಿಗಳು.

ಕೆಂಪಿ ಕಾರ್ನ್ ಸ್ನೇಕ್ ಜಾತಿಯ ಹಾವು. ಅಮೆರಿಕದ ಆಗ್ನೇಯ ಭಾಗ ಈ ಜಾತಿಯ ಮೂಲ ನೆಲೆ. ಇದಕ್ಕೆ ವಿಷವಿಲ್ಲ, ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುತ್ತದೆ. ಬೆನ್ನಿನ ಮೇಲೆ ಕಪ್ಪು ಅಂಚಿನ ಕೆಂಪು ಮಚ್ಚೆಗಳ ಸಾಲು, ಹೊಟ್ಟೆಯ ಕೆಳಗೆ ಚದುರಂಗದ ಹಲಗೆಯಂತಹ ಕಪ್ಪು ಬಿಳುಪಿನ ಚೌಕುಳಿ. ಪೆನ್ಸಿಲಿನಷ್ಟು ದಪ್ಪದ ಮರಿಯಾಗಿ ಬಂದವಳು ಆರು ವರ್ಷಗಳಲ್ಲಿ 120 ಸೆಂಟಿಮೀಟರ್ ಉದ್ದ, 612 ಗ್ರಾಂ ತೂಕದ ಹಾವಾಗಿದ್ದಳು. ಒಳ್ಳೆಯ ಆರೈಕೆಯಲ್ಲಿ ಈ ಜಾತಿ 15ರಿಂದ 20 ವರ್ಷ ಬದುಕುವುದು ಸಾಮಾನ್ಯ. ಆದ್ದರಿಂದ ನನ್ನ ಲೆಕ್ಕದಲ್ಲಿ ನಾವಿನ್ನೂ ದಾರಿಯ ಅರ್ಧಕ್ಕೂ ಬಂದಿರಲಿಲ್ಲ. ಎಂಟು ದಿನಗಳ ಹಿಂದೆ ಎಂದಿನಂತೆ ಒಂದು ಇಲಿ ತಿಂದಿದ್ದಳು, ಮೂರು ವಾರಗಳ ಹಿಂದೆ ಮೂತಿಯಿಂದ ಬಾಲದ ತುದಿಯವರೆಗೆ ಎಲ್ಲೂ ಹರಿಯದಂತೆ ಒಂದೇ ತುಂಡಾಗಿ ಪೊರೆ ಬಿಟ್ಟಿದ್ದಳು, ತೂಕ ಇಳಿದಿರಲಿಲ್ಲ, ತಿಂದದ್ದನ್ನು ಕಕ್ಕಿರಲಿಲ್ಲ, ಬಾಯಿ ತೆರೆದು ಉಸಿರಾಡಿದ್ದನ್ನಾಗಲಿ ಮೂಗಿನಲ್ಲಿ ಗುಳ್ಳೆ ಬಂದದ್ದನ್ನಾಗಲಿ ನಾನು ಕಂಡಿರಲಿಲ್ಲ. ಇದೆಲ್ಲವೂ ಪುಸ್ತಕದಲ್ಲಿ ಬರೆದಿಟ್ಟದ್ದರಿಂದ, ನೆನಪಿನ ಮೇಲೆ ಭಾರ ಹಾಕದೆ ಹೇಳುತ್ತಿದ್ದೇನೆ.

ಮೊದಲು ಅವಳನ್ನು ಎತ್ತಿಕೊಂಡೆ. ಬದುಕಿರುವ ಹಾವನ್ನು ಎತ್ತಿದವರಿಗೆ ಗೊತ್ತು, ಅದು ನಮ್ಮ ಕೈಯಲ್ಲಿ ಸುಮ್ಮನೆ ಇರುವುದಿಲ್ಲ. ಬೀಳುವ ಭಯದಿಂದಲೋ ಏನೋ, ಬೆರಳುಗಳ ನಡುವೆ ಎಲ್ಲಾದರೂ ಒಂದು ಕಡೆ ಮೆಲ್ಲಗೆ ಬಿಗಿದುಕೊಂಡೇ ಇರುತ್ತದೆ. ಆ ಬಿಗಿ ಇರಲಿಲ್ಲ. ಅಂಗಾತ ಮಲಗಿಸಿದೆ. ಆರೋಗ್ಯವಂತ ಹಾವು ಅಂಗಾತ ಬಿದ್ದರೆ ಕ್ಷಣದಲ್ಲಿ ಮಗುಚಿಕೊಳ್ಳುತ್ತದೆ, ನರಮಂಡಲ ಸರಿಯಿದೆಯೇ ಎಂದು ನೋಡಲು ವೈದ್ಯರು ಮಾಡುವ ಪರೀಕ್ಷೆಯೂ ಅದೇ. ಅವಳು ಚೌಕುಳಿಯ ಹೊಟ್ಟೆಯನ್ನು ಮೇಲೆ ಮಾಡಿಕೊಂಡು ಹಾಗೆಯೇ ಇದ್ದಳು. ಹಾವುಗಳಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಪೊರೆಯಷ್ಟೇ ಇರುತ್ತದೆ. ಹಾಗಾಗಿ ನಿದ್ದೆ, ಎಚ್ಚರ, ಸಾವು ಮೂರರಲ್ಲೂ ಕಣ್ಣು ತೆರೆದೇ ಇರುತ್ತದೆ. ಕಣ್ಣು ಮುಚ್ಚಿಸುವ ಕೆಲಸವನ್ನಾದರೂ ಮಾಡೋಣವೆಂದರೆ ಅದಕ್ಕೂ ಅವಕಾಶವಿರಲಿಲ್ಲ.

ಆಗ ನಾನು ಮಾಡಿದ ಒಂದು ಕೆಲಸವನ್ನು ಮುಚ್ಚಿಡದೆ ಹೇಳಬೇಕು. ಹಾವು ತಣ್ಣಗಾಗಿ ಮರಗಟ್ಟಿರಬಹುದು, ಬಿಸಿ ತಗುಲಿದರೆ ಚೇತರಿಸಿಕೊಳ್ಳಬಹುದು ಎಂದುಕೊಂಡು ಅವಳನ್ನು ಬೆಚ್ಚನೆಯ ಬದಿಗೆ ಸರಿಸಿ, ಕೆಳಗಿನ ಬಿಸಿ ಹಾಸನ್ನು ಹೆಚ್ಚಿಸಿ, ಒಂದು ಗಂಟೆ ಹತ್ತಿರ ಕುಳಿತೆ. ತಂಪಿನ ಬದಿಯ ಉಷ್ಣತೆ 24 ಡಿಗ್ರಿಯಿತ್ತು, ಅದರಲ್ಲಿ ಕಾರ್ನ್ ಸ್ನೇಕ್ ಮರಗಟ್ಟುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದುದು ಆ ಗಂಟೆಯಲ್ಲಿ ಉಪಯೋಗಕ್ಕೆ ಬರಲಿಲ್ಲ.

ಸರೀಸೃಪಗಳಿಗೆ ಚಿಕಿತ್ಸೆ ನೀಡುವ ವೈದ್ಯೆಗೆ ಕರೆ ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಎಲ್ಲಿಟ್ಟಿದ್ದೀರಿ?" ಎಂಬುದು. ಹೇಳಿದೆ. ತಕ್ಷಣ ಬಿಸಿಯಿಂದ ತೆಗೆದು, ಗಾಳಿಯಾಡುವ ಡಬ್ಬಿಯಲ್ಲಿ ಮಲಗಿಸಿ ತರುವಂತೆ ಹೇಳಿದರು. ಸತ್ತಿದೆ ಎಂದು ನಾನು ಹೇಳಿದ್ದನ್ನು ಅವರು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. "ಹಾವಿನ ವಿಷಯದಲ್ಲಿ ನಾವು ಅವಸರಪಡುವುದಿಲ್ಲ" ಎಂದರು. ಇದಕ್ಕೆ ಕಾರಣವನ್ನು ಅವರು ಆಮೇಲೆ ವಿವರಿಸಿದರು. ಸರೀಸೃಪಗಳ ಅಂಗಾಂಶಗಳು ಆಮ್ಲಜನಕದ ಕೊರತೆಯನ್ನು ನಮ್ಮವುಗಳಿಗಿಂತ ಬಹಳ ಹೊತ್ತು ತಾಳಬಲ್ಲವು. ಪ್ರಾಣ ಹೋಗಿದೆ ಎನ್ನಬಹುದಾದ ಸ್ಥಿತಿಯ ಬಳಿಕವೂ ಹೃದಯ ಗಂಟೆಗಟ್ಟಲೆ ಮಿಡಿಯುತ್ತಿರಬಹುದು, ಸ್ನಾಯುಗಳು ತಾವಾಗಿಯೇ ಸೆಳೆದುಕೊಳ್ಳಬಹುದು. ಇದರ ಇನ್ನೊಂದು ಮಗ್ಗುಲೆಂದರೆ, ಬದುಕಿರುವ ಹಾವಿನ ಹೃದಯ ಎಷ್ಟೋ ಸಲ ಕಿವಿಗೆ ಕೇಳುವುದಿಲ್ಲ. ಆದ್ದರಿಂದ ಎದೆಬಡಿತ ಕೇಳಿಸಲಿಲ್ಲವೆಂದು ಸತ್ತಿದೆ ಎನ್ನುವಂತಿಲ್ಲ, ಮೈ ಮಿಸುಕಿತೆಂದು ಬದುಕಿದೆ ಎನ್ನುವಂತೆಯೂ ಇಲ್ಲ.

ವೈದ್ಯೆ ಮೈಯ ಮುಂಭಾಗದ ಸುಮಾರು ಕಾಲು ಪಾಲಿನಷ್ಟು ಕೆಳಗೆ, ಹೃದಯವಿರುವ ಜಾಗದಲ್ಲಿ, ಜೆಲ್ ಸವರಿ ಡಾಪ್ಲರ್ ಯಂತ್ರದ ಕಡ್ಡಿಯನ್ನಿಟ್ಟರು. ರಕ್ತ ಹರಿಯುತ್ತಿದ್ದರೆ ಅದರಿಂದ ಸುಯ್ ಸುಯ್ ಎಂಬ ಸದ್ದು ಬರುತ್ತದೆ; ವರ್ಷಕ್ಕೊಮ್ಮೆ ತಪಾಸಣೆಗೆ ಕರೆದೊಯ್ದಾಗ ಆ ಸದ್ದನ್ನು ನಾನು ಕೇಳಿದ್ದೆ. ಅಂದು ಯಂತ್ರದ ಗರಗರ ಬಿಟ್ಟು ಬೇರೇನೂ ಕೇಳಲಿಲ್ಲ. ಬಾಯಿ ಬಿಡಿಸಿ ನೋಡಿದರು, ಒಳಗಿನ ಲೋಳೆಪೊರೆ ಬೂದು ಬಣ್ಣಕ್ಕೆ ತಿರುಗಿತ್ತು. ಆದರೂ ರಾತ್ರಿ ಅಲ್ಲಿಯೇ ಬಿಡಲು ಹೇಳಿ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಪರೀಕ್ಷಿಸಿದ ಮೇಲೆಯೇ ಫೋನು ಮಾಡಿದರು. ಆ ಒಂದು ರಾತ್ರಿ ನನಗೆ ದೊರೆತ ಅವಧಿಯೋ ಶಿಕ್ಷೆಯೋ ತಿಳಿಯಲಿಲ್ಲ. ಡಬ್ಬಿಯೊಳಗೆ ಅವಳು ಎದ್ದು ಮೂಲೆ ಮೂಲೆ ಮೂಸುತ್ತಿರುವಂತೆ ಕಲ್ಪಿಸಿಕೊಂಡೆ. ಹಾಗೆ ಕಲ್ಪಿಸಿಕೊಳ್ಳುವುದು ತಪ್ಪೆಂದು ನನ್ನನ್ನೇ ಗದರಿಕೊಂಡೆ.

ಬೆಳಗಿನ ಕರೆಯಲ್ಲಿಯೇ ಮರಣೋತ್ತರ ಪರೀಕ್ಷೆಯ ಮಾತು ಬಂತು. ಹೊರನೋಟಕ್ಕೆ ಕಾರಣ ತಿಳಿಯದ ಸಾವು, ಮನೆಯಲ್ಲಿ ಇನ್ನೊಂದು ಹಾವಿದೆ, ಆದ್ದರಿಂದ ಮಾಡಿಸುವುದು ಒಳ್ಳೆಯದು ಎಂಬುದು ಅವರ ಸಲಹೆ. ನನಗೆ ಅವಳ ಮೈಯನ್ನು ಸೀಳುವುದು ಬೇಡವಾಗಿತ್ತು. ಆದರೆ ಯೋಚಿಸಲು ಸಿಗುವ ಕಾಲ ತೀರ ಕಡಿಮೆ. ಸತ್ತ ದೇಹದ ಜೀವಕೋಶಗಳು ತಮ್ಮನ್ನು ತಾವೇ ಕರಗಿಸಿಕೊಳ್ಳತೊಡಗುತ್ತವೆ. ಬಿಸಿಯಲ್ಲಿ ಆ ಕರಗುವಿಕೆ ಬೇಗ ನಡೆಯುತ್ತದೆ. ದೇಹವನ್ನು ಸುಮಾರು 4 ಡಿಗ್ರಿಯಲ್ಲಿ ಫ್ರಿಡ್ಜಿನಲ್ಲಿ ಇಡಬೇಕು, ಸಾಧ್ಯವಾದರೆ ಒಂದು ದಿನದೊಳಗೆ ಪರೀಕ್ಷೆಯಾಗಬೇಕು. ಫ್ರೀಜರಿನಲ್ಲಿ ಇಡಬಾರದು, ಏಕೆಂದರೆ ಕೋಶಗಳೊಳಗಿನ ನೀರು ಹರಳುಗಟ್ಟಿ ಅವುಗಳನ್ನು ಒಡೆದುಬಿಡುತ್ತದೆ, ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಕಾಯಿಲೆ ಯಾವುದು, ಹಿಮ ಮಾಡಿದ ಹಾನಿ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಹಾವು ಸಾಕುವ ಎಷ್ಟೋ ಮಂದಿ ದುಃಖದ ಗಳಿಗೆಯಲ್ಲಿ ಮೊದಲು ತೆರೆಯುವುದು ಫ್ರೀಜರಿನ ಬಾಗಿಲನ್ನೇ, ಆಹಾರದ ಇಲಿಗಳನ್ನು ಇಡುವ ಅಭ್ಯಾಸ ಅಲ್ಲಿಯೇ ಇರುವುದರಿಂದ. ನಾನು ಆ ತಪ್ಪನ್ನು ಮಾಡಲಿಲ್ಲ. ನನ್ನ ತಪ್ಪು ಬಿಸಿಯ ಕಡೆಯದಾಗಿತ್ತು. ಒಪ್ಪಿಗೆ ಕೊಟ್ಟೆ.

ಅಂದೇ ಸಂಜೆ ಅವರು ಮತ್ತೆ ಕರೆ ಮಾಡಿದರು. ಮೈಯನ್ನು ಗದ್ದದಿಂದ ಬಾಲದ ಬುಡದವರೆಗೆ ತೆರೆದು ನೋಡಿದ್ದರು. ಹೃದಯ, ಉದ್ದನೆಯ ಒಂದೇ ಕೆಲಸದ ಶ್ವಾಸಕೋಶ, ಯಕೃತ್ತು, ಜಠರ, ಕರುಳು, ಮೂತ್ರಪಿಂಡಗಳು ಯಾವುದರಲ್ಲಿಯೂ ಕಣ್ಣಿಗೆ ಎದ್ದು ಕಾಣುವ ಗಂಟಾಗಲಿ, ಕೀವಾಗಲಿ, ಬಿಳಿಯ ಯೂರಿಕ್ ಆಮ್ಲದ ಹರಳಾಗಲಿ ಇರಲಿಲ್ಲ. ಕರುಳಿನಲ್ಲಿ ಏನೂ ಸಿಕ್ಕಿಕೊಂಡಿರಲಿಲ್ಲ. ಪ್ರತಿಯೊಂದು ಅಂಗದ ಚೂರನ್ನೂ ಫಾರ್ಮಾಲಿನ್‌ನಲ್ಲಿ ಹಾಕಿ ಪ್ರಯೋಗಾಲಯಕ್ಕೆ ಕಳುಹಿಸಲಾಗಿದೆ, ಮೂರು ವಾರ ಹಿಡಿಯಬಹುದು ಎಂದರು. ನಾನು ರಾತ್ರಿಯೆಲ್ಲ ಎಣಿಸಿಕೊಂಡಿದ್ದ ಅನುಮಾನವೊಂದನ್ನು ಮುಂದಿಟ್ಟೆ. ಗಂಡಿನ ಸಹವಾಸವಿಲ್ಲದೆಯೂ ಹೆಣ್ಣು ಹಾವು ಮೊಟ್ಟೆ ಕಟ್ಟುವುದುಂಟು, ಅವು ಹೊರಗೆ ಬಾರದೆ ಪ್ರಾಣಕ್ಕೆ ಎರವಾಗುವುದೂ ಉಂಟು. ಮೊಟ್ಟೆಗಳೇನಾದರೂ ಸಿಕ್ಕವೇ ಎಂದು ಕೇಳಿದೆ. ಅವರು ಒಂದು ಕ್ಷಣ ತಡೆದು, "ಇದು ಗಂಡು ಹಾವು" ಎಂದರು.

ಮರಿಯಾಗಿದ್ದಾಗ ಬಾಲದ ಉದ್ದವನ್ನಷ್ಟೇ ನೋಡಿ ಕೊಟ್ಟವರು ಹೆಣ್ಣೆಂದಿದ್ದರು, ನಾನು ಮತ್ತೆ ಯಾರನ್ನೂ ಕೇಳಿರಲಿಲ್ಲ. ತಪಾಸಣೆಗೆ ಹೋದಾಗಲೂ ನಾನೇ ಹೆಣ್ಣೆಂದು ಬರೆಸಿದ್ದೆ, ಅದನ್ನು ಸಂದೇಹಿಸಲು ಯಾರಿಗೂ ಕಾರಣವಿರಲಿಲ್ಲ. ಆರು ವರ್ಷ ಕೆಂಪಿ ಎಂದು ಕರೆದವಳು ಕೆಂಪನಾಗಿದ್ದ. ಫೋನಿನಲ್ಲಿ ನನಗೆ ನಗು ಬಂತು. ಆ ದಿನಗಳಲ್ಲಿ ಬಂದ ಒಂದೇ ನಗು. ಬರೆಯುವಾಗ ಈಗಲೂ 'ಅವಳು' ಎಂದೇ ಬರುತ್ತದೆ, ತಿದ್ದಲು ಹೋಗುವುದಿಲ್ಲ.

ಆ ಮೂರು ವಾರಗಳ ಕಾಯುವಿಕೆಯೇ ಈ ಬರಹದ ಮುಖ್ಯ ಭಾಗವಾಗಬೇಕು, ಏಕೆಂದರೆ ಕಾರಣವಿಲ್ಲದ ಸಾವಿನಲ್ಲಿ ಮನಸ್ಸು ಏನು ಮಾಡುತ್ತದೆ ಎಂಬುದನ್ನು ನಾನು ಕಲಿತದ್ದು ಆಗ. ಅದಕ್ಕೆ ಖಾಲಿ ಜಾಗ ಆಗಿಬರುವುದಿಲ್ಲ. ಕೈಗೆ ಸಿಕ್ಕಿದ್ದರಿಂದ ಕಾರಣವನ್ನು ತಯಾರಿಸುತ್ತದೆ, ಮತ್ತು ಕೈಗೆ ಸಿಗುವುದು ಯಾವಾಗಲೂ ನಮ್ಮದೇ ನಡತೆ. ಎರಡು ಕೋಣೆಗಳಾಚೆ ಒಂದು ಕಪಾಟಿಗೆ ಬಣ್ಣ ಬಳಿಸಿದ್ದೆ: ಆ ವಾಸನೆಯೇ ಇರಬಹುದು. ಹಾಸಿಗೆ ಹೊಸ ಚೀಲದ ತೆಂಗಿನ ನಾರು ಹಾಕಿದ್ದೆ: ಅದಕ್ಕೆ ಯಾರಾದರೂ ಕೀಟನಾಶಕ ಸಿಂಪಡಿಸಿರಬಹುದು. ಕೊನೆಯ ಇಲಿಯನ್ನು ಕರಗಿಸುವಾಗ ಫೋನು ಬಂದು ಹತ್ತು ನಿಮಿಷ ಹೆಚ್ಚು ಹೊರಗಿಟ್ಟಿದ್ದೆ: ಹಳಸಿರಬಹುದು. ಥರ್ಮೋಸ್ಟಾಟಿನ ತಂತಿ ಒಂದು ಕ್ಷಣ ಜಾರಿ, ಬಿಸಿ ಮಿತಿಮೀರಿ, ಮತ್ತೆ ಸರಿಯಾಗಿರಬಹುದು. ಈ ಅನುಮಾನಗಳಲ್ಲಿ ಪ್ರತಿಯೊಂದೂ ರಾತ್ರಿ ಎರಡು ಗಂಟೆಗೆ ಸಾಬೀತಾದ ಅಪರಾಧದಂತೆ ತೋರಿ, ಬೆಳಗಾದ ಮೇಲೆ ಬರಿಯ ಅನುಮಾನವಾಗಿ ಕುಗ್ಗುತ್ತಿತ್ತು. ಮರುರಾತ್ರಿ ಸರದಿಯಲ್ಲಿ ಇನ್ನೊಂದು ಬರುತ್ತಿತ್ತು.

ಕೊನೆಗೆ ನಾನು ಕಂಡುಕೊಂಡ ಉಪಾಯ ಬಹಳ ಸರಳವಾದದ್ದು: ಪರೀಕ್ಷಿಸಬಹುದಾದದ್ದನ್ನು ಪರೀಕ್ಷಿಸುವುದು. ಖಾಲಿ ಪೆಟ್ಟಿಗೆಯನ್ನು ಹಾಗೆಯೇ ಚಾಲೂ ಇಟ್ಟು, ಎರಡು ಬೇರೆ ಬೇರೆ ಥರ್ಮಾಮೀಟರುಗಳನ್ನು ಬೆಚ್ಚನೆಯ ಬದಿಯಲ್ಲಿಯೂ ತಂಪಿನ ಬದಿಯಲ್ಲಿಯೂ ಇರಿಸಿ, ಮೂರು ಹಗಲು ಮೂರು ರಾತ್ರಿ ಗರಿಷ್ಠ ಮತ್ತು ಕನಿಷ್ಠ ಉಷ್ಣತೆಯನ್ನು ಬರೆದುಕೊಂಡೆ. ಬೆಚ್ಚಗಿನ ಬದಿ 30 ಡಿಗ್ರಿಯ ಆಚೀಚೆ ಒಂದು ಡಿಗ್ರಿಗಿಂತ ಹೆಚ್ಚು ಸರಿಯಲಿಲ್ಲ, ತೇವಾಂಶ ಶೇಕಡ 50ರ ಸುತ್ತಮುತ್ತ ನಿಂತಿತು. ಯಾರೂ ಇಲ್ಲದ ಪೆಟ್ಟಿಗೆ ಅಷ್ಟು ನಿಷ್ಠೆಯಿಂದ ಬಿಸಿಯಾಗುತ್ತಿದ್ದುದನ್ನು ನೋಡುವುದು ಕಷ್ಟವಾಗಿತ್ತು. ಮೂರನೆಯ ರಾತ್ರಿ ಓದಿದ ಅಂಕಿಯನ್ನು ಬರೆದುಕೊಂಡು ಅಲ್ಲಿಯೇ ಕುಳಿತು ಅತ್ತೆ. ಆದರೆ ಥರ್ಮೋಸ್ಟಾಟಿನ ಮೇಲಿನ ಅನುಮಾನ ಆ ರಾತ್ರಿಯ ನಂತರ ಮತ್ತೆ ಬರಲಿಲ್ಲ. ಅದೇ ಚೀಲದ ನಾರನ್ನು ಇನ್ನೊಂದು ಹಾವಿನ ಪೆಟ್ಟಿಗೆಗೂ ಹಾಕಿದ್ದೆ, ಅದೇ ಪೊಟ್ಟಣದ ಇಲಿಯನ್ನು ಅದೂ ತಿಂದಿತ್ತು, ಅದಕ್ಕೇನೂ ಆಗಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಬಣ್ಣದ ವಾಸನೆಯ ಬಗ್ಗೆ ಮಾತ್ರ ಏನನ್ನೂ ಮಾಡಲಾಗಲಿಲ್ಲ. ಬಣ್ಣದ ಆವಿ ಸರೀಸೃಪಗಳಿಗೆ ಒಳ್ಳೆಯದಲ್ಲ ಎಂಬುದು ನಿಜ, ನನ್ನ ಕಪಾಟಿನ ಆವಿ ಅಷ್ಟು ದೂರ ತಲುಪಿತ್ತೇ ಎಂಬುದನ್ನು ಈಗ ಅಳೆಯುವಂತಿಲ್ಲ. ಅದೊಂದು ಉಳಿದುಕೊಂಡಿದೆ.

ಇನ್ನೊಂದು ಹಾವು ಎಂದೆನಲ್ಲ, ಅದು ಎರಡು ವರ್ಷದ ಮತ್ತೊಂದು ಕಾರ್ನ್ ಸ್ನೇಕ್. ವರದಿ ಬರುವವರೆಗೆ ಅದನ್ನು ಸೋಂಕು ತಗುಲಿರಬಹುದಾದ ಪ್ರಾಣಿಯೆಂದೇ ನೋಡಿಕೊಳ್ಳಲು ವೈದ್ಯೆ ಹೇಳಿದ್ದರು. ಅವರಿಗಿದ್ದ ಮುಖ್ಯ ಅಂಜಿಕೆ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿಯದು. ಹಾವಿನ ಜಠರದ ಗೋಡೆಯನ್ನು ದಪ್ಪಗೊಳಿಸಿ, ತಿಂದದ್ದನ್ನು ಕಕ್ಕಿಸಿ, ನಿಧಾನವಾಗಿ ಸೊರಗಿಸಿ ಕೊಲ್ಲುವ ಇದು, ಕೆಲವೊಮ್ಮೆ ಹೊರಗೆ ಯಾವ ಗುರುತನ್ನೂ ತೋರಿಸದೆ ಒಳಗಿರುತ್ತದೆ. ಮಲದಲ್ಲಿ ಹೊರಬೀಳುವ ಇದರ ಮೊಟ್ಟೆಯಂತಹ ಸೂಕ್ಷ್ಮ ಕೋಶಗಳು ಸಾಮಾನ್ಯ ಬ್ಲೀಚಿಗೆ ಜಗ್ಗುವುದಿಲ್ಲ. ಹೀಗಾಗಿ ಕೆಂಪಿಯ ಪೆಟ್ಟಿಗೆಯಲ್ಲಿದ್ದ ತೊಗಟೆ, ಕೊಂಬೆ, ನಾರು, ಒರೆಸುವ ಬಟ್ಟೆ ಎಲ್ಲವನ್ನೂ ಎಸೆದೆ. ಗಾಜನ್ನೂ ಬಟ್ಟಲನ್ನೂ ಕುದಿಯುವ ನೀರಿನಲ್ಲಿ ತೊಳೆದೆ. ಚಿಕ್ಕದರ ಪೆಟ್ಟಿಗೆಯಲ್ಲಿ ನಾರಿನ ಬದಲು ಬಿಳಿಯ ಕಾಗದ ಹಾಸಿದೆ, ಮಲವನ್ನು ಪರೀಕ್ಷೆಗೆ ಎತ್ತಿಡಲು ಅನುಕೂಲವಾಗುವಂತೆ. ಕೈಗವಸು, ಇಕ್ಕಳ, ನೀರಿನ ಬಟ್ಟಲು ಎಲ್ಲವೂ ಬೇರೆ. ಹೀಗೆ 90 ದಿನ.

ಈ ಕೆಲಸಗಳು ನನ್ನನ್ನು ಕಾಪಾಡಿದವು ಎಂದು ಹೇಳಬಲ್ಲೆ. ತೊಗಟೆಯ ಗೂಡನ್ನು ಎಸೆಯುವಾಗ ಮಾತ್ರ ಬಹಳ ಹೊತ್ತು ಹಿಡಿಯಿತು. ಅದರ ಒಳಮೈ, ಆರು ವರ್ಷ ಅವಳು ತೂರಿ ತೂರಿ, ನುಣ್ಣಗಾಗಿತ್ತು. ದೇಹವನ್ನು ಮಣ್ಣಿನಲ್ಲಿ ಇಡುವ ಆಸೆಯಿತ್ತು. ಸೋಂಕಿನ ಅನುಮಾನವಿರುವಾಗ ಅದು ಸರಿಯಲ್ಲವೆಂದು ವೈದ್ಯೆ ಹೇಳಿದ್ದರಿಂದ ದಹನಕ್ಕೆ ಒಪ್ಪಿದೆ.

ಜನರಿಗೆ ಹೇಳುವುದು ಬೇರೆಯೇ ಒಂದು ಕೆಲಸ. ನಾಯಿ ಸತ್ತಿತು ಎಂದರೆ ಎದುರಿನವರ ಮುಖ ಇಳಿಯುತ್ತದೆ. ಹಾವು ಸತ್ತಿತು ಎಂದರೆ ಮೊದಲು ಅವರು ನಾನು ತಮಾಷೆ ಮಾಡುತ್ತಿದ್ದೇನೆಯೇ ಎಂದು ನೋಡುತ್ತಾರೆ. ನಮ್ಮ ನುಡಿಯಲ್ಲಿಯೇ ಹಾವಿನ ಸಾವು ದುಃಖದ ಜೊತೆ ಬರುವುದಿಲ್ಲ, ಕೋಲಿನ ಜೊತೆ ಬರುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಗಾದೆಯಲ್ಲಿ ಚಿಂತೆಯೆಲ್ಲ ಕೋಲಿನದು. ಪರಿಚಿತರೊಬ್ಬರು, ಕೆಟ್ಟ ಮನಸ್ಸಿನಿಂದಲ್ಲ, "ಹೋಗಲಿ ಬಿಡಿ, ಕಚ್ಚುವ ಮೊದಲೇ ಹೋಯಿತಲ್ಲ" ಎಂದರು. ಮತ್ತೊಬ್ಬರು ಇನ್ನೊಂದನ್ನು ತಂದುಕೊಳ್ಳಲು ಹೇಳಿದರು. ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು 1980ರ ದಶಕದಲ್ಲಿ, ಸುತ್ತಲಿನವರು ದುಃಖವೆಂದೇ ಮಾನ್ಯಮಾಡದ ದುಃಖಕ್ಕೆ ಒಂದು ಪ್ರತ್ಯೇಕ ಹೆಸರನ್ನು ಕೊಟ್ಟು, ಅದನ್ನು ಹೊತ್ತವರು ಅಳುವ ಹಕ್ಕಿಲ್ಲದವರಂತೆ ಬದುಕಬೇಕಾಗುತ್ತದೆ ಎಂಬುದರತ್ತ ಗಮನ ಸೆಳೆದರು. ಅದನ್ನು ಓದಿದಾಗ ನನ್ನ ದುಃಖ ಕಡಿಮೆಯಾಗಲಿಲ್ಲ, ಆದರೆ ಅದರ ಬಗ್ಗೆ ನಾಚಿಕೊಳ್ಳುವುದನ್ನು ಬಿಟ್ಟೆ. ಎರಡನೆಯ ವಾರದಿಂದ ಯಾರಾದರೂ ಕೇಳಿದರೆ "ಮನೆಯ ಪ್ರಾಣಿಯೊಂದು ತೀರಿಕೊಂಡಿತು" ಎಂದಷ್ಟೇ ಹೇಳತೊಡಗಿದೆ. ಇದು ಹೇಡಿತನವಿರಬಹುದು, ಅನುಕೂಲವಾಗಿತ್ತು.

ಸರಿಯಾದ ಪ್ರಶ್ನೆಯನ್ನು ಕೇಳಿದವಳು ಎಂಟು ವರ್ಷದ ನನ್ನ ಅಕ್ಕನ ಮಗಳು.

"ಚಿಕ್ಕಮ್ಮಾ, ಕೆಂಪಿಗೆ ನಿನ್ನ ಗುರುತು ಸಿಗ್ತಿತ್ತಾ?"

"ನನ್ನ ವಾಸನೆ ಗೊತ್ತಿತ್ತೇನೋ."

"ನಿನ್ನ ಕಂಡ್ರೆ ಇಷ್ಟ ಇತ್ತಾ?"

"ಇಷ್ಟ ಅಂತ ಹೇಳಕ್ಕಾಗಲ್ಲ ಕಣೇ. ಹೆದರ್ತಿರಲಿಲ್ಲ."

ಅವಳು ಸ್ವಲ್ಪ ಯೋಚಿಸಿ, ಮತ್ತೇಕೆ ಅಳುತ್ತೀಯೆಂದು ಕೇಳದೆ, ಆಟಕ್ಕೆ ಹೋದಳು. ಆ ಸಂಭಾಷಣೆಯನ್ನು ನಾನು ಎಷ್ಟೋ ಸಲ ಮೆಲುಕು ಹಾಕಿದ್ದೇನೆ. ತಮ್ಮ ಹಾವು ತಮ್ಮನ್ನು ಪ್ರೀತಿಸುತ್ತಿತ್ತು ಎಂದು ಹೇಳುವ ಸಾಕಣೆದಾರರಿದ್ದಾರೆ, ನನಗೆ ಆ ಮಾತು ಒಪ್ಪಿಗೆಯಿಲ್ಲ. ಕೆಂಪಿ ನನ್ನನ್ನು ಸಹಿಸಿಕೊಂಡಿದ್ದಳು. ಮೊದಲ ವರ್ಷ ಕೈ ಹಾಕಿದರೆ ಮೈಯನ್ನು ಸುರುಳಿ ಸುತ್ತಿ ಬಾಲವನ್ನು ಅದುರಿಸುತ್ತಿದ್ದವಳು, ಮೂರನೆಯ ವರ್ಷಕ್ಕೆ ನನ್ನ ಮಣಿಕಟ್ಟನ್ನು ಒಂದು ಕೊಂಬೆಯೆಂದು ಒಪ್ಪಿಕೊಂಡು ಅದರ ಮೇಲೆ ನಿಧಾನವಾಗಿ ಹತ್ತುತ್ತಿದ್ದಳು. ನನಗೆ ಅಷ್ಟು ಸಾಕಾಗಿತ್ತು. ಕೊಂಬೆಯಾಗಿರುವುದರಲ್ಲಿ ಒಂದು ಬಗೆಯ ನೆಮ್ಮದಿಯಿದೆ. ದಿನವಿಡೀ ಮಾತನಾಡುವ, ಉತ್ತರ ಕೊಡುವ, ಮುಖಭಾವ ಓದುವ ಕೆಲಸದಲ್ಲಿ ಬಳಲಿ ಬಂದ ಮೇಲೆ, ಏನನ್ನೂ ಕೇಳದ ಆ ಜೀವದ ಮುಂದೆ ಅರ್ಧ ಗಂಟೆ ಕುಳಿತರೆ ನನ್ನ ಉಸಿರು ತಾನಾಗಿಯೇ ನಿಧಾನವಾಗುತ್ತಿತ್ತು. ಅವಳ ಅಲುಗದಿರುವಿಕೆಯೇ ನನಗೆ ಬೇಕಾದದ್ದಾಗಿತ್ತು. ಸಾವು ಬಂದಾಗ ಅದನ್ನು ನನ್ನಿಂದ ಮರೆಮಾಡಿದ್ದೂ ಅದೇ ಅಲುಗದಿರುವಿಕೆ.

ಇಪ್ಪತ್ತಮೂರನೆಯ ದಿನ ವರದಿ ಬಂತು. ಎರಡು ಪುಟ. ಜಠರದಲ್ಲಿ ಕ್ರಿಪ್ಟೋಸ್ಪೊರಿಡಿಯಂ ಕಂಡುಬಂದಿಲ್ಲ, ಕೋಶಗಳಲ್ಲಿ ವೈರಸ್ ಸೋಂಕಿನ ಗುರುತಾದ ಒಳಕಣಗಳಿಲ್ಲ, ಶ್ವಾಸಕೋಶದಲ್ಲಿ ಉರಿಯೂತವಿಲ್ಲ, ಬ್ಯಾಕ್ಟೀರಿಯಾ ರಕ್ತದಲ್ಲಿ ಹರಡಿದ ಲಕ್ಷಣಗಳಿಲ್ಲ. ಯಕೃತ್ತಿನಲ್ಲಿಯೂ ಮೂತ್ರಪಿಂಡಗಳಲ್ಲಿಯೂ ರಕ್ತ ಸ್ವಲ್ಪ ಕಟ್ಟಿಕೊಂಡಿದೆ, ಆದರೆ ಅದರಿಂದ ಏನನ್ನೂ ನಿರ್ಧರಿಸುವಂತಿಲ್ಲ. ಕರುಳಿನ ಚೂರುಗಳು ಕರಗಿಹೋಗಿರುವುದರಿಂದ ಅವುಗಳ ಪರಿಶೀಲನೆಗೆ ಮಿತಿಯಿದೆ. ಕೊನೆಯ ಸಾಲು: ಸಾವಿನ ಕಾರಣ ನಿರ್ಧರಿಸಲಾಗಿಲ್ಲ.

ಕರಗಿಹೋಗಿರುವುದರಿಂದ ಎಂಬ ಪದದ ಮೇಲೆ ಬೆರಳಿಟ್ಟು ನಾನು ವೈದ್ಯೆಯನ್ನು ನೇರವಾಗಿ ಕೇಳಿದೆ: ಅದು ನಾನು ಬಿಸಿಯಲ್ಲಿಟ್ಟ ಆ ಗಂಟೆಯಿಂದಲೇ? ಅವರು ಸಮಾಧಾನಕ್ಕಾಗಿ ಇಲ್ಲವೆನ್ನಲಿಲ್ಲ. ಕರುಳು ಎಲ್ಲಕ್ಕಿಂತ ಮೊದಲು ಕರಗುವ ಅಂಗ, ಆ ಗಂಟೆಗಿಂತ ಅದಕ್ಕೆ ಮೊದಲು ಕಳೆದ, ಎಷ್ಟೆಂದು ತಿಳಿಯದ ಗಂಟೆಗಳ ಪಾಲು ಹೆಚ್ಚು, ಆದರೆ ಆ ಒಂದು ಗಂಟೆಯೂ ಸೇರಿಕೊಂಡಿರಬಹುದು ಎಂದರು. ಆ ಪ್ರಾಮಾಣಿಕತೆಗೆ ನಾನು ಋಣಿ. "ನಿಮ್ಮ ತಪ್ಪೇನಿಲ್ಲ" ಎಂಬ ಮಾತನ್ನು ಅಷ್ಟು ಹೊತ್ತಿಗೆ ಹತ್ತಾರು ಮಂದಿಯಿಂದ ಕೇಳಿದ್ದೆ, ಅದರಲ್ಲಿ ಯಾರೂ ವರದಿಯನ್ನು ಓದಿರಲಿಲ್ಲ. ಎಲ್ಲವನ್ನೂ ಓದಿದವರು ಬಾಯಿಬಿಟ್ಟು ನನ್ನ ಪಾಲನ್ನು ಅದರ ನಿಜವಾದ ಅಳತೆಯಲ್ಲಿ, ಇಷ್ಟೇ ಎಂದು ತೋರಿಸಿದಾಗಲೇ ಅದು ಹೊರುವಂತಾದದ್ದು.

ಹೃದಯದ ಬಡಿತದ ಲಯ ತಪ್ಪಿ ಸತ್ತರೆ ಅಂಗಾಂಶದಲ್ಲಿ ಗುರುತು ಉಳಿಯದಿರಬಹುದು, ಕೆಲವು ವಿಷಗಳೂ ಹಾಗೆಯೇ ಎಂದು ಅವರು ವಿವರಿಸಿದರು. ಕಾಯಿಲೆಯನ್ನು ಬಚ್ಚಿಡುವುದು ಹಾವಿನ ಸ್ವಭಾವ. ಕಾಡಿನಲ್ಲಿ ಬಳಲಿಕೆ ತೋರಿಸಿದ ಪ್ರಾಣಿ ಇನ್ನೊಂದಕ್ಕೆ ಆಹಾರವಾಗುತ್ತದೆ, ಆದ್ದರಿಂದ ಸಾಕಿದವರಿಗೆ ಕಾಣುವ ಹೊತ್ತಿಗೆ ಎಷ್ಟೋ ಸಲ ಕೊನೆಯ ಹಂತವೇ ಬಂದಿರುತ್ತದೆ. ಇನ್ನೂ ಒಂದು ಮಾತು ಹೇಳಿದರು, ಅದು ನನಗೆ ಹಿಡಿಸಿತು. ಬೋವಾ ಮತ್ತು ಹೆಬ್ಬಾವುಗಳನ್ನು ಕೊಲ್ಲುವ ಇನ್‌ಕ್ಲೂಷನ್ ಬಾಡಿ ಕಾಯಿಲೆಯನ್ನು ವೈದ್ಯರು 1970ರ ದಶಕದಿಂದ ನೋಡುತ್ತಿದ್ದರು. ಅದರ ಹಿಂದೆ ಅರೆನಾವೈರಸ್ ಬಳಗದ ವೈರಸ್ ಇದೆಯೆಂಬುದು ಬೆಳಕಿಗೆ ಬಂದದ್ದು 2012ರಲ್ಲಿ. ಅಷ್ಟು ವರ್ಷ ಆ ಹಾವುಗಳನ್ನು ಸಾಕಿದವರು ಕಾರಣ ತಿಳಿಯದೆಯೇ ಇದ್ದರು. ಕೆಂಪಿಗೆ ಬಂದದ್ದು ಆ ಕಾಯಿಲೆಯಲ್ಲ, ಆದರೆ ಕಾರಣ ತಿಳಿಯಲಿಲ್ಲ ಎಂಬುದಕ್ಕೆ ಕಾರಣವಿರಲಿಲ್ಲ ಎಂಬ ಅರ್ಥವಿಲ್ಲ, ನಾನೇ ಕಾರಣ ಎಂಬ ಅರ್ಥ ಮೊದಲೇ ಇಲ್ಲ ಎಂದರು.

ಆ ರಾತ್ರಿ ಆಹಾರ, ತೂಕ, ಪೊರೆಗಳ ಲೆಕ್ಕದ ಪುಸ್ತಕವನ್ನು ತೆಗೆದೆ. ಮೊದಲ ಪುಟದಲ್ಲಿ ಆರು ವರ್ಷಗಳ ಹಿಂದೆ ಬರೆದ 'ಹೆಣ್ಣು' ಎಂಬುದರ ಮೇಲೆ ಗೆರೆ ಎಳೆದು 'ಗಂಡು' ಎಂದು ಬರೆದೆ, ಹೆಸರನ್ನು ಮುಟ್ಟಲಿಲ್ಲ. ಕೊನೆಯ ಪೊರೆ ಎರಡು ಹಾಳೆಗಳ ನಡುವೆ ಮಡಿಸಿಟ್ಟದ್ದು ಹಾಗೆಯೇ ಇತ್ತು. ಅದನ್ನು ಬೆಳಕಿಗೆ ಹಿಡಿದರೆ ಮಚ್ಚೆಗಳ ಸಾಲು ಮಸುಕಾಗಿ ಕಾಣುತ್ತದೆ, ತಲೆಯ ಭಾಗದಲ್ಲಿ ಕಣ್ಣಿನ ಪೊರೆಗಳೆರಡೂ ಪುಟ್ಟ ಗಾಜಿನ ಬಟ್ಟಲುಗಳಂತೆ ಉಬ್ಬಿಕೊಂಡಿವೆ. ಸೋಂಕಿನ ಭಯ ಹೋದದ್ದರಿಂದ ಅದನ್ನು ಇಟ್ಟುಕೊಳ್ಳಲು ಅಡ್ಡಿಯಿರಲಿಲ್ಲ. ಅದೇ ರೀತಿಯಲ್ಲಿ ತೊಗಟೆಯ ಗೂಡನ್ನೂ ಇಟ್ಟುಕೊಳ್ಳಬಹುದಾಗಿತ್ತು ಎಂದು ಅರಿವಾದಾಗ ಹೊಟ್ಟೆಯೊಳಗೆ ಏನೋ ಹಿಂಡಿದಂತಾಯಿತು.

ಚಿಕ್ಕ ಹಾವಿನ 90 ದಿನಗಳೂ ಮುಗಿದವು, ಮೂರು ಸಲ ಮಾಡಿಸಿದ ಮಲಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಅದು ಬದುಕಿದೆಯೇ ಎಂದು ನೋಡಲು ನಾನು ಆ ದಿನಗಳಲ್ಲಿ ಹೊತ್ತು ಹೊತ್ತಿಗೆ ಮುಚ್ಚಳ ಸರಿಸಿ, ಬೆರಳಿನಿಂದ ಬಾಲವನ್ನು ಮುಟ್ಟುತ್ತಿದ್ದೆ. ಅದು ಗೂಡಿನಿಂದ ಅರ್ಧ ತಲೆ ಹೊರಹಾಕಿ, ನಾಲ್ಕು ಸಲ ನಾಲಿಗೆ ಆಡಿಸಿ, ಮತ್ತೆ ಒಳಗೆ ಹೋಗುತ್ತಿತ್ತು. ರಾತ್ರಿ ನಡುವೆ ಎದ್ದೂ ಹೀಗೆ ಮಾಡಿದ್ದುಂಟು. ಎರಡನೆಯ ತಿಂಗಳಿನಲ್ಲಿ ಅದು ಸತತವಾಗಿ ಎರಡು ಸಲ ಇಲಿಯನ್ನು ನಿರಾಕರಿಸಿತು. ಗಾಬರಿಯಿಂದ ವೈದ್ಯೆಯ ಬಳಿ ಒಯ್ದೆ. ಅವರು ಪರೀಕ್ಷಿಸಿ, ತೂಕ ನೋಡಿ, ದಿನಕ್ಕೆ ಎಷ್ಟು ಸಲ ಮುಟ್ಟುತ್ತೀರಿ ಎಂದು ಕೇಳಿದರು. ಹತ್ತೋ ಹನ್ನೆರಡೋ ಎಂದೆ. ಹಾವಿಗೆ ಅಷ್ಟು ತೊಂದರೆ ಕೊಟ್ಟರೆ ಅದು ತಿನ್ನುವುದಿಲ್ಲ, ಬಿಟ್ಟುಬಿಡಿ, ಗಾಜಿನ ಹೊರಗಿನಿಂದ ನೋಡಿ ಎಂದರು.

ಹೊರಗಿನಿಂದ ನೋಡಿದರೆ ಅದು ಅಲುಗುವುದಿಲ್ಲ. ನಾನು ಕುರ್ಚಿ ಹಾಕಿಕೊಂಡು, ಅದರ ಪಕ್ಕೆ ಉಸಿರಿಗೆ ಒಮ್ಮೆ ಉಬ್ಬಿ ಇಳಿಯುವುದನ್ನು ಕಾಯುತ್ತೇನೆ. ಕೆಲವೊಮ್ಮೆ ಬೇಗ ಕಾಣುತ್ತದೆ, ಕೆಲವೊಮ್ಮೆ ಬಹಳ ಹೊತ್ತು ಕಾಣುವುದಿಲ್ಲ. ಕಂಡ ಮೇಲೆ ಎದ್ದು ಹೋಗುತ್ತೇನೆ. ಕಳೆದ ತಿಂಗಳಿನಿಂದ ಮುಟ್ಟಿ ನೋಡುವುದನ್ನು ದಿನಕ್ಕೆ ಒಂದು ಸಲಕ್ಕೆ ಇಳಿಸಿದ್ದೇನೆ, ಸಂಜೆ, ನೀರು ಬದಲಿಸುವಾಗ.